ಮೇಲಿನ ಮಹಡಿಗೆ ಬಂದು ಕೂತ ಕೊಬ್ಬು

ನನ್ನ ಬಲಗಡೆ, ಸೊಂಟದ ಕೆಳಗೆ, ಕೂರುವ ಜಾಗ ಶುರುವಾಗುತ್ತದಲ್ಲ, ಅಲ್ಲಿ ಹದಿನೇಳು ಗಂಟುಗಳಿದ್ದವು. ಎಣಿಸಿದ್ದು ನಾನಲ್ಲ, ಡಾಕ್ಟರ್. ಅದೂ ನನ್ನ 34ನೇ ವಯಸ್ಸಿನಲ್ಲಿ. ಅಲ್ಲಿಯವರೆಗೆ ನಾನು ಎಣಿಸುವ ಗೋಜಿಗೇ ಹೋಗಿರಲಿಲ್ಲ. ಎಣಿಸಬೇಕು ಅಂದರೆ ನೋಡಬೇಕು, ನೋಡಬೇಕು ಅಂದರೆ ಕನ್ನಡಿಗೆ ಬೆನ್ನು ಹಾಕಿ ಕತ್ತು ತಿರುಚಿಕೊಂಡು ನಿಲ್ಲಬೇಕು, ಹಾಗೆ ನಿಂತ ದಿನವೆಲ್ಲ ಮನಸ್ಸು ಕೆಟ್ಟಿರುತ್ತದೆ. ಹಾಗಾಗಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ ಸ್ನಾನ ಮಾಡುವಾಗ ಕೈಗೆ ಸಿಕ್ಕಷ್ಟನ್ನೇ ತಿಳಿದುಕೊಂಡು ಇದ್ದುಬಿಟ್ಟೆ.

ಇದನ್ನು ಬರೆಯೋಕೂ ಒಂದು ತೊಂದರೆ ಇದೆ. ಆ ಜಾಗಕ್ಕೆ ನಮ್ಮ ಮಾತಿನಲ್ಲಿರುವ ಹೆಸರುಗಳೆಲ್ಲ ಒಂದೋ ಬೈಗುಳ, ಇಲ್ಲವೋ ಪಾಠದ ಪುಸ್ತಕದ ಪದ. ಡಾಕ್ಟರ ಮುಂದೆ ಕೂತು ‘ಪೃಷ್ಠದ ಮೇಲೆ ಗಂಟಾಗಿದೆ’ ಅಂತ ಯಾರಾದರೂ ಹೇಳುತ್ತಾರಾ? ಇನ್ನೊಂದು ಪದ ಬಾಯಿಗೆ ಬಂದರೆ ಅವರೇ ಕುರ್ಚಿಯಿಂದ ಏಳುತ್ತಾರೆ. ನಾನು ವರ್ಷಗಟ್ಟಲೆ ‘ಸೊಂಟದ ಹತ್ತಿರ’ ಅಂತಲೇ ಹೇಳಿಕೊಂಡು ಬಂದೆ, ಲಂಗದ ಪಟ್ಟಿಯನ್ನು ಎರಡು ಬೆರಳು ಕೆಳಗೆ ಜಾರಿಸಿ ತುದಿಯಲ್ಲಿರುವ ಒಂದೇ ಒಂದನ್ನು ತೋರಿಸಿ ಮತ್ತೆ ಮೇಲಕ್ಕೆ ಎಳೆದುಕೊಳ್ಳುತ್ತಿದ್ದೆ. ಮಜಾ ಏನೆಂದರೆ, ಈ ಕಾಯಿಲೆಯಲ್ಲಿ ಜಾಗವೇ ಅರ್ಧ ಉತ್ತರ. ನಾನು ಜಾಗವನ್ನು ಮುಚ್ಚಿಟ್ಟುಕೊಂಡು ಉತ್ತರ ಕೇಳುತ್ತಿದ್ದೆ.

ಶುರುವಾಗಿದ್ದು ಹನ್ನೊಂದೋ ಹನ್ನೆರಡೋ ವರ್ಷದಲ್ಲಿ. ಮೊದಲು ಒಂದು. ಸೊಳ್ಳೆ ಕಚ್ಚಿರಬೇಕು ಅಂದುಕೊಂಡೆ. ಅದು ಹೋಗಲಿಲ್ಲ. ಪಕ್ಕದಲ್ಲಿ ಇನ್ನೊಂದು ಬಂತು, ಆಮೇಲೆ ಒಂದೆರಡು ವರ್ಷದಲ್ಲಿ ಮೂರು ನಾಲ್ಕು. ನೋವಿಲ್ಲ, ತುರಿಕೆ ಇಲ್ಲ. ಅಮ್ಮನಿಗೆ ತೋರಿಸಿದಾಗ ಅವಳು ಬೆರಳಿನಿಂದ ಒತ್ತಿ, “ನೋಯುತ್ತಾ?” ಅಂದಳು. ಇಲ್ಲ ಅಂದೆ. “ಹಾಗಾದ್ರೆ ಬಿಡು, ತಾನಾಗೇ ಹೋಗುತ್ತೆ” ಅಂದಳು. ಹೋಗಲಿಲ್ಲ. ಅಮ್ಮನ ಮೇಲೆ ನನಗೆ ಸಿಟ್ಟೂ ಇಲ್ಲ, ನೋಯದ ಗಂಟಿನ ಹಿಂದೆ ಓಡಾಡುವಷ್ಟು ಪುರುಸೊತ್ತು ಯಾವ ಅಮ್ಮನಿಗಿರುತ್ತದೆ.

ಅವು ಹೇಗಿದ್ದವು ಅಂತ ಸರಿಯಾಗಿ ಹೇಳಿಬಿಡುತ್ತೇನೆ, ನಿಮ್ಮಲ್ಲಿ ಯಾರಿಗಾದರೂ ಗುರುತು ಹಿಡಿಯಲು ಬೇಕಾಗಬಹುದು. ಮುಟ್ಟಿದರೆ ಕಿವಿಯ ಹಾಲೆಯಷ್ಟು ಮೆತ್ತಗೆ. ಬಣ್ಣ ಚರ್ಮದ್ದೇ, ಒಂದೆರಡು ಮಾತ್ರ ಸ್ವಲ್ಪ ಹಳದಿ. ಚಿಕ್ಕವು ಅಂಗಿಯ ಗುಂಡಿಯಷ್ಟು, ದೊಡ್ಡದು ಹೆಬ್ಬೆರಳಿನ ತುದಿಯಷ್ಟು. ಕೆಲವು ಅಗಲವಾಗಿ ಚರ್ಮಕ್ಕೆ ಅಂಟಿಕೊಂಡು ಕೂತಿದ್ದವು, ಕೆಲವಕ್ಕೆ ತೊಟ್ಟಿತ್ತು. ಮಧ್ಯದಲ್ಲಿ ನಾಲ್ಕೈದು ಒಂದಕ್ಕೊಂದು ಸೇರಿಕೊಂಡು ಮೇಲೆಲ್ಲ ಮಡಿಕೆ ಮಡಿಕೆ, ಚಿತ್ರದಲ್ಲಿ ಮಿದುಳು ಕಾಣುತ್ತದಲ್ಲ, ಹಾಗೆ. ಎಲ್ಲವೂ ಓರೆಯಾದ ಒಂದು ಪಟ್ಟಿಯಲ್ಲಿ ಸೊಂಟದ ಕೆಳಗಿಂದ ತೊಡೆಯ ಕಡೆಗೆ ಇಳಿದಿದ್ದವು. ಎಡಗಡೆ ಒಂದೂ ಇಲ್ಲ. ಬೆನ್ನಿನ ನಡುಗೆರೆ ಬಂದ ಕೂಡಲೇ ಯಾರೋ ಬೇಲಿ ಹಾಕಿದ ಹಾಗೆ ನಿಂತುಬಿಟ್ಟಿದ್ದವು.

ಈ ಬೇಲಿಯ ವಿಷಯ ನೆನಪಿಟ್ಟುಕೊಳ್ಳಿ.

ಮೊದಲ ಡಾಕ್ಟರ್ ಅದನ್ನು ನರಹುಲಿ ಅಂದರು. ಹಚ್ಚಲು ಸ್ಯಾಲಿಸಿಲಿಕ್ ಆಸಿಡ್ ಇರುವ ಒಂದು ದ್ರವ ಕೊಟ್ಟರು. ಎರಡು ತಿಂಗಳು ಹಚ್ಚಿದೆ. ಮೇಲಿನ ಚರ್ಮ ಸುಲಿಯಿತು, ಉರಿಯಿತು, ಮತ್ತೆ ಬೆಳೆಯಿತು, ಗಂಟು ಮಾತ್ರ ಅಲ್ಲಾಡಲಿಲ್ಲ. ನರಹುಲಿ ವೈರಸ್‌ನಿಂದ ಬರುವುದು, ಮುಟ್ಟಿದರೆ ಸಾಮಾನ್ಯವಾಗಿ ಒರಟಾಗಿರುತ್ತದೆ, ಆ ಆಸಿಡ್ ಒರಟು ಪದರವನ್ನು ಸ್ವಲ್ಪ ಸ್ವಲ್ಪವೇ ತೆಗೆಯುತ್ತಾ ಹೋಗುತ್ತದೆ. ನುಣ್ಣಗಿರುವ ಗಂಟಿನ ಒಳಗೆ ಕೂತಿರುವ ಕೊಬ್ಬನ್ನು ಅದು ಏನು ಮಾಡೀತು?

ಎರಡನೆಯವರು ‘ಲೈಪೋಮಾ, ಕೊಬ್ಬಿನ ಗಡ್ಡೆ, ಸ್ವಲ್ಪ ತೂಕ ಇಳಿಸಿ’ ಅಂದರು. ಆಗ ನನ್ನ ತೂಕ 46 ಕೆಜಿ. ಇಳಿಸಲು ಇದ್ದದ್ದು ಮೂಳೆ ಮಾತ್ರ. (ಅಂದಹಾಗೆ ನಿಜವಾದ ಲೈಪೋಮಾ ಇದ್ದರೂ ಊಟ ಬಿಟ್ಟ ಮಾತ್ರಕ್ಕೆ ಅದು ಕರಗುವುದಿಲ್ಲ. ಈ ಸಲಹೆ ಎಲ್ಲಿಂದ ಹುಟ್ಟಿತೋ.) ಆದರೂ ಅವರು ಅರ್ಧ ಸರಿ ಹೇಳಿದ್ದರು ಅಂತ ಈಗ ಅನ್ನಿಸುತ್ತದೆ. ಒಳಗಿದ್ದದ್ದು ಕೊಬ್ಬೇ. ಯಾವ ಪದರದಲ್ಲಿ ಅನ್ನುವುದಷ್ಟೇ ತಪ್ಪಿತ್ತು.

ಮೂರನೆಯ ಕಡೆ ಆಗಿದ್ದರ ಬಗ್ಗೆ ನನಗೆ ಇವತ್ತಿಗೂ ಸಿಟ್ಟಿದೆ. ಅದೊಂದು ಚರ್ಮದ ಕ್ಲಿನಿಕ್. ‘ಸ್ಕಿನ್ ಟ್ಯಾಗ್, ಚರ್ಮವೇ ಬೆಳೆದು ಜೋತುಬಿದ್ದ ಚೂರು, ಹತ್ತು ನಿಮಿಷದ ಕೆಲಸ’ ಅಂದರು. ಮರಗಟ್ಟಿಸಿ, ಬಿಸಿ ಸೂಜಿಯಂಥದ್ದರಲ್ಲಿ ತೊಟ್ಟಿದ್ದ ಮೂರನ್ನು ಸುಟ್ಟು ತೆಗೆದರು. ಕೂದಲು ಸುಟ್ಟಂಥ ವಾಸನೆ ಬಂತು. ತೆಗೆದದ್ದು ಏನಾಯಿತು ಅಂತ ಕೇಳಿದ್ದಕ್ಕೆ ಕಾಲಿನ ಹತ್ತಿರ ಇದ್ದ ಬಕೆಟ್ ತೋರಿಸಿದರು. ಪರೀಕ್ಷೆಗೆ ಕಳಿಸಲ್ವಾ ಅಂದೆ. ‘ಇದಕ್ಕೆಲ್ಲ ಯಾಕೆ’ ಅಂದರು. ನಾನೂ ಸುಮ್ನೆ ಎದ್ದು ಬಂದೆ, ಜಗಳ ಮಾಡಲು ಆಗ ಮೈಮೇಲೆ ಸರಿಯಾಗಿ ಬಟ್ಟೆಯೂ ಇರಲಿಲ್ಲ. ಆ ಮೂರು ಚೂರಿನಲ್ಲಿ ಒಂದನ್ನು ಬಾಟಲಿಗೆ ಹಾಕಿ ಲ್ಯಾಬ್‌ಗೆ ಕಳಿಸಿದ್ದರೆ ನನಗೆ ಆರು ವರ್ಷ ಮೊದಲೇ ಉತ್ತರ ಸಿಗುತ್ತಿತ್ತು, ಮತ್ತು ಮುಂದೆ ಹೇಳುವ ಆ ಒಂದು ರಾತ್ರಿ ನನ್ನ ಬದುಕಿನಲ್ಲಿ ಬರುತ್ತಲೇ ಇರಲಿಲ್ಲ.

ಆ ರಾತ್ರಿ ಬಂದದ್ದು ಜ್ವರದಿಂದ. ಸೊಂಟಕ್ಕೆ ಇಂಜೆಕ್ಷನ್ ಕೊಡಬೇಕು ಅಂತ ನರ್ಸ್ ಬಟ್ಟೆ ಸರಿಸಿದರು, ಗಂಟುಗಳನ್ನು ನೋಡಿದರು, ಸೂಜಿ ಕೈಯಲ್ಲಿ ಹಿಡಿದುಕೊಂಡೇ ಡಾಕ್ಟರನ್ನು ಕರೆದರು. ಆ ಡಾಕ್ಟರ್ ಒಳ್ಳೆಯವರೇ. ಮೆಲ್ಲಗೆ ಕೇಳಿದರು: “ಮನೆಯಲ್ಲಿ ಯಾರಿಗಾದ್ರೂ ಹೀಗೆ ಇದೆಯಾ? ನ್ಯೂರೋಫೈಬ್ರೋಮಾ ಇರಬಹುದು, ಒಮ್ಮೆ ಚರ್ಮದ ಡಾಕ್ಟರಿಗೆ ತೋರಿಸಿಬಿಡಿ.” ಅಷ್ಟೇ ಹೇಳಿದ್ದು. ಮನೆಗೆ ಬಂದು ಆ ಪದವನ್ನು ಫೋನಿನಲ್ಲಿ ಹುಡುಕಿದೆ.

ನ್ಯೂರೋಫೈಬ್ರೋಮಾ ನರದ ಹೊದಿಕೆಯಿಂದ ಹುಟ್ಟುವ ಮೆತ್ತನೆಯ ಗಂಟು. ಒಂಟಿಯಾಗಿ ಒಂದು ಬಂದರೆ ದೊಡ್ಡ ಸಂಗತಿಯಲ್ಲ. ಆದರೆ ಮೈತುಂಬ ಬಂದರೆ ಅದು ಎನ್‌ಎಫ್-1 ಅನ್ನುವ ವಂಶವಾಹಿ ಕಾಯಿಲೆಯ ಲಕ್ಷಣ ಆಗಿರಬಹುದು, ಮತ್ತು ಅದು ತಾಯಿಗೋ ತಂದೆಗೋ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಶೇಕಡಾ 50. ಅದರ ಇನ್ನೊಂದು ಗುರುತು ತಿಳಿ ಕಂದು ಬಣ್ಣದ ಕಲೆಗಳು. ಆರು ಅಥವಾ ಅದಕ್ಕಿಂತ ಜಾಸ್ತಿ ಇರಬೇಕು, ದೊಡ್ಡವರಲ್ಲಿ ಒಂದೊಂದೂ 15 ಮಿಲಿಮೀಟರ್‌ಗಿಂತ ದೊಡ್ಡದಿರಬೇಕು, ಮಕ್ಕಳಲ್ಲಿ 5 ಮಿಲಿಮೀಟರ್‌ಗಿಂತ. ಕಂಕುಳಲ್ಲಿ ಚುಕ್ಕೆಗಳು. ಕಣ್ಣಿನ ಪಾಪೆಯ ಸುತ್ತ ಸಣ್ಣ ಸಣ್ಣ ಗಂಟು. ಇದನ್ನೆಲ್ಲ ಓದಿದ್ದು ಜ್ವರ ಇರುವಾಗ, ರಾತ್ರಿ ಒಂದು ಗಂಟೆಗೆ. ಆಮೇಲೆ ನಾನು ಮಾಡಿದ ಕೆಲಸ ಹೇಳಿಕೊಳ್ಳಲು ನಾಚಿಕೆ. ಮಗಳು ಮಲಗಿದ್ದಳು, ಅವಳಿಗೆ ಆಗ ಐದು ವರ್ಷ. ಸ್ಕೇಲ್ ಒಂದು ಕೈಯಲ್ಲಿ, ಫೋನಿನ ಟಾರ್ಚ್ ಇನ್ನೊಂದು ಕೈಯಲ್ಲಿ ಹಿಡಿದು ಅವಳ ಅಂಗಿ ಎತ್ತಿ ಬೆನ್ನು, ಹೊಟ್ಟೆ, ಕಂಕುಳು ಎಲ್ಲ ನೋಡಿದೆ. ಒಂದು ಕಲೆ ಸಿಕ್ಕಿತು. ಅಳೆದೆ. ಮೂರು ಮಿಲಿಮೀಟರ್. ಅವಳು ನಿದ್ದೆಯಲ್ಲೇ ಕೊಸರಿಕೊಂಡು ಆಚೆ ತಿರುಗಿದಳು. ನಾನು ಬಾತ್‌ರೂಮಿಗೆ ಹೋಗಿ ನನ್ನ ಮೈ ನೋಡಿಕೊಳ್ಳಲು ಶುರುಮಾಡಿದೆ, ಇಪ್ಪತ್ತು ವರ್ಷ ನೋಡದ ಬೆನ್ನನ್ನು ಆ ಒಂದೇ ರಾತ್ರಿ ಐವತ್ತು ಸಲ ನೋಡಿದೆ.

ಅಂತೂ ಒಬ್ಬ ಚರ್ಮರೋಗ ತಜ್ಞೆಯ ಹತ್ತಿರ ಹೋದೆ. ಈ ಸಲ ಮುಚ್ಚಿಡಲಿಲ್ಲ. ‘ಡಾಕ್ಟ್ರೇ, ಕೂರುವ ಜಾಗದಲ್ಲಿ ಗಂಟುಗಳಿವೆ, ಎಲ್ಲಾನೂ ನೋಡಿ’ ಅಂದೆ. ಅವರು ಮಂಚದ ಮೇಲೆ ಬೋರಲು ಮಲಗಿಸಿ ದೀಪ ಹತ್ತಿರ ಎಳೆದುಕೊಂಡು ಒಂದೆರಡು ನಿಮಿಷ ಏನೂ ಮಾತಾಡದೆ ನೋಡಿದರು. ಆಮೇಲೆ ಪ್ರಶ್ನೆಗಳು. ಮೊದಲನೆಯದು ಯಾವ ವಯಸ್ಸಿಗೆ ಬಂತು? ಒಂದೇ ಸಲ ದೊಡ್ಡದಾಯಿತಾ, ಮೆಲ್ಲಗೆ ಬೆಳೆಯಿತಾ? ಎಡಗಡೆ ಯಾವತ್ತಾದರೂ ಬಂದಿತ್ತಾ? ಮೈಯಲ್ಲಿ ಬೇರೆಲ್ಲಾದರೂ? ನಡುನಡುವೆ ಒಂದೊಂದನ್ನೇ ಬೆರಳಿನಿಂದ ಒತ್ತಿ ಬಿಡುತ್ತಿದ್ದರು. ನ್ಯೂರೋಫೈಬ್ರೋಮಾ ಆಗಿದ್ದರೆ ಒತ್ತಿದಾಗ ಗುಂಡಿ ಕಾಜದೊಳಗೆ ಹೋದ ಹಾಗೆ ಚರ್ಮದ ಒಳಕ್ಕೆ ಇಳಿಯುತ್ತದಂತೆ. ಲೈಪೋಮಾ ಆಗಿದ್ದರೆ ಅದು ಚರ್ಮದ ಕೆಳಗಿರುತ್ತದೆ, ಬೆರಳಿಗೆ ಸಿಕ್ಕಿಯೂ ಸಿಗದ ಹಾಗೆ ಜಾರುತ್ತದೆ, ಮೇಲಿನ ಚರ್ಮ ಮಾಮೂಲಿಯಾಗೇ ಇರುತ್ತದೆ. ನನ್ನದು ಒಳಕ್ಕೂ ಇಳಿಯಲಿಲ್ಲ, ಜಾರಲೂ ಇಲ್ಲ, ಚರ್ಮದ ಜೊತೆಗೇ ಬಂತು. ಸ್ಕಿನ್ ಟ್ಯಾಗ್‌ಗಳೋ ಕತ್ತು, ಕಂಕುಳು, ತೊಡೆಸಂದಿಯಂಥ ಉಜ್ಜುವ ಜಾಗ ನೋಡಿ ಬರುತ್ತವೆ, ಸಾಮಾನ್ಯವಾಗಿ ನಡುವಯಸ್ಸಿನಲ್ಲಿ, ಎರಡೂ ಕಡೆ. ಹೀಗೆ ಮಕ್ಕಳ ವಯಸ್ಸಿಗೇ, ಒಂದೇ ಪಕ್ಕಕ್ಕೆ, ಪಟ್ಟಿ ಕಟ್ಟಿಕೊಂಡು, ನಡುಗೆರೆ ಕಂಡ ಕೂಡಲೇ ನಿಂತುಬಿಡುವ ಅಭ್ಯಾಸ ಅವಕ್ಕಿಲ್ಲ.

“ನನಗೆ ಒಂದು ಅನುಮಾನ ಇದೆ. ಆದ್ರೆ ಚೂರು ತೆಗೆದು ನೋಡದೆ ಹೆಸರು ಹೇಳಲ್ಲ” ಅಂದರು. ಆ ಮಾತಿಗೇ ನನಗೆ ಅವರ ಮೇಲೆ ನಂಬಿಕೆ ಬಂತು.

ಬಯಾಪ್ಸಿ ಅಂದರೆ ಏನೇನೋ ಊಹಿಸಿಕೊಂಡಿದ್ದೆ. ಆಗಿದ್ದು ಇಷ್ಟು: ಗುಂಪಿನಲ್ಲಿ ಒಂದು ಮಧ್ಯಮ ಗಾತ್ರದ್ದನ್ನು ಆರಿಸಿದರು, ಬುಡಕ್ಕೆ ಮರಗಟ್ಟಿಸುವ ಲಿಗ್ನೋಕೈನ್ ಚುಚ್ಚಿದರು, ಹತ್ತು ಸೆಕೆಂಡ್ ಚೆನ್ನಾಗಿ ಉರಿಯಿತು, ಆಮೇಲೆ ಮುಟ್ಟಿದ್ದು ಗೊತ್ತಾಗುತ್ತಿತ್ತು, ನೋವು ಗೊತ್ತಾಗಲಿಲ್ಲ. ಮೇಲಿಂದ ಕೆರೆದು ತೆಗೆಯದೆ ಬುಡ ಸಮೇತ, ಕೆಳಗಿನ ಕೊಬ್ಬಿನ ಪದರ ಸ್ವಲ್ಪ ಬರುವಷ್ಟು ಆಳಕ್ಕೆ ತೆಗೆದರು. ಯಾಕೆ ಅಷ್ಟು ಆಳ ಅಂದರೆ, ನೋಡಬೇಕಾಗಿರುವುದೇ ಯಾವ ಪದರದಲ್ಲಿ ಏನಿದೆ ಅನ್ನುವುದನ್ನು. ಮೇಲಿನ ಚೂರು ಮಾತ್ರ ಕಳಿಸಿದರೆ ಲ್ಯಾಬಿನವರಿಗೆ ಬುಡದಲ್ಲಿ ಏನಿತ್ತು ಅಂತ ಕಾಣುವುದೇ ಇಲ್ಲ. ಎರಡು ಹೊಲಿಗೆ. ಚೂರು ಫಾರ್ಮಲಿನ್ ಇದ್ದ ಚಿಕ್ಕ ಬಾಟಲಿಗೆ ಹೋಯಿತು. ಆ ಬಾಟಲಿಯ ಮೇಲೆ ನನ್ನ ಹೆಸರು ಬರೆದದ್ದನ್ನು ನೋಡಿ, ಬಕೆಟ್ ನೆನಪಾಗಿ, ಯಾಕೋ ಸಮಾಧಾನ ಆಯಿತು.

ಒಂಬತ್ತು ದಿನ ಕಾದೆ.

ರಿಪೋರ್ಟಿನಲ್ಲಿದ್ದ ಹೆಸರು ಒಂದೇ ಉಸಿರಿಗೆ ಓದಲು ಆಗುವಂಥದ್ದಲ್ಲ: ನೀವಸ್ ಲಿಪೊಮಟೋಸಸ್ ಕ್ಯುಟೇನಿಯಸ್ ಸೂಪರ್‌ಫಿಶಿಯಾಲಿಸ್. ಡಾಕ್ಟರೇ ಎರಡನೇ ಪದದಲ್ಲಿ ಒಮ್ಮೆ ತಡವರಿಸಿದರು. ಆಮೇಲೆ ಒಂದು ಹಾಳೆ ತೆಗೆದುಕೊಂಡು ಮೂರು ಮಹಡಿಯ ಮನೆ ಬರೆದರು. ಮೇಲಿನದು ಹೊರಚರ್ಮ, ಎಪಿಡರ್ಮಿಸ್, ತೆಳು. ನಡುವಿನದು ಡರ್ಮಿಸ್, ಚರ್ಮದ ಗಟ್ಟಿತನ ಇರುವುದು ಅಲ್ಲಿ, ಕೊಲಾಜನ್ ಎಳೆಗಳು ಹಗ್ಗದ ಹಾಗೆ ಹೆಣೆದುಕೊಂಡಿರುತ್ತವೆ. ಕೆಳಗಿನ ಮಹಡಿ ಕೊಬ್ಬಿನದ್ದು. ಎಲ್ಲರಿಗೂ ಕೊಬ್ಬು ಆ ಕೆಳಗಿನ ಮಹಡಿಯಲ್ಲಿ ಇರುತ್ತದೆ. ನನಗೆ ಆ ಒಂದು ಪಟ್ಟಿಯಲ್ಲಿ ಮಾತ್ರ ನಡುವಿನ ಮಹಡಿಯಲ್ಲೂ ಬಂದು ಕೂತಿದೆ. ಕೊಬ್ಬು ಕೆಟ್ಟದ್ದಲ್ಲ, ಪೂರ್ತಿ ಬಲಿತ, ಮಾಮೂಲಿ ಕೊಬ್ಬಿನ ಕೋಶಗಳೇ. ಕೂತ ಜಾಗ ಮಾತ್ರ ತಪ್ಪು. “ಹೊರಗಿನವರು ಯಾರೂ ಬಂದಿಲ್ಲ. ನಿಮ್ಮ ಮನೆಯವರೇ ಬೇರೆ ಕೋಣೆಯಲ್ಲಿ ಮಲಗಿದ್ದಾರೆ, ಅಷ್ಟೆ” ಅಂದರು. ಇಂಥದ್ದಕ್ಕೆ ಹಾಮರ್ಟೋಮಾ ಅನ್ನುತ್ತಾರೆ. ಕ್ಯಾನ್ಸರ್ ಅಲ್ಲ.

ಮೈಕ್ರೋಸ್ಕೋಪಿನಲ್ಲಿ ನೋಡುವ ಸ್ಲೈಡಿನ ಫೋಟೋವನ್ನೂ ತೋರಿಸಿದರು. ಗುಲಾಬಿ ಬಣ್ಣದ ಎಳೆಗಳ ನಡುವೆ, ಮುಖ್ಯವಾಗಿ ರಕ್ತನಾಳಗಳ ಸುತ್ತ, ಬಿಳಿ ಬಿಳಿ ದುಂಡನೆಯ ತೂತುಗಳ ಗುಂಪು. ಕೊಬ್ಬು ಎಲ್ಲಿ ಅಂದೆ. ಆ ತೂತುಗಳೇ ಕೊಬ್ಬಂತೆ! ಸ್ಲೈಡ್ ಮಾಡುವಾಗ ಚೂರನ್ನು ಆಲ್ಕೋಹಾಲ್, ಜೈಲೀನ್ ಎಲ್ಲದರಲ್ಲಿ ಅದ್ದಿ ಮೇಣದಲ್ಲಿ ಕೂರಿಸುತ್ತಾರೆ, ಆಗ ಕೋಶದೊಳಗಿನ ಎಣ್ಣೆ ಕರಗಿ ಹೋಗುತ್ತದೆ, ಖಾಲಿ ಗೋಡೆ ಮಾತ್ರ ಉಳಿಯುತ್ತದೆ. ಇಪ್ಪತ್ತು ವರ್ಷ ನಾನು ಹೆದರಿದ್ದು, ಮುಚ್ಚಿಟ್ಟದ್ದು ಆ ಖಾಲಿ ತೂತುಗಳನ್ನು. ಫೋಟೋವನ್ನು ನನ್ನ ಫೋನಿಗೂ ಕಳಿಸಿಕೊಂಡೆ.

ಇಲ್ಲಿ ಒಂದು ಸೂಕ್ಷ್ಮ ಇದೆ, ಮೊದಲು ನನಗೆ ಅರ್ಥ ಆಗಿರಲಿಲ್ಲ. ಸ್ಲೈಡ್ ಒಂದನ್ನೇ ನೋಡಿ ಈ ಹೆಸರು ಕೊಡುವುದು ಕಷ್ಟ. ಹಳೆಯ ಸ್ಕಿನ್ ಟ್ಯಾಗ್‌ನಲ್ಲೂ ಒಮ್ಮೊಮ್ಮೆ ಸ್ವಲ್ಪ ಕೊಬ್ಬು ಕಾಣುತ್ತದೆ. ಗೋಲ್ಟ್ಸ್ ಸಿಂಡ್ರೋಮ್ ಅನ್ನುವ ಒಂದು ಹುಟ್ಟು ಕಾಯಿಲೆಯಲ್ಲಿ ಡರ್ಮಿಸ್ ಬಹಳ ತೆಳುವಾಗಿ ಕೊಬ್ಬು ಮೇಲೆ ಬಂದು ನಿಂತಿರುತ್ತದೆ, ಆದರೆ ಅಲ್ಲಿ ಮೂಳೆ, ಹಲ್ಲು, ಕಣ್ಣಿನ ತೊಂದರೆಗಳೂ ಇರುತ್ತವೆ. ಹಾಗಾಗಿ ಲ್ಯಾಬಿನವರಿಗೆ ಚೂರಿನ ಜೊತೆ ಕತೆಯೂ ಹೋಗಬೇಕು: ಎಷ್ಟನೇ ವಯಸ್ಸಿಗೆ, ಯಾವ ಜಾಗದಲ್ಲಿ, ಎಷ್ಟು, ಹೇಗೆ ಗುಂಪಾಗಿವೆ. ನಮ್ಮ ಡಾಕ್ಟರ್ ಚೀಟಿಯಲ್ಲಿ ಅದನ್ನೆಲ್ಲ ಬರೆದು, ಪುಟ್ಟ ಚಿತ್ರವನ್ನೂ ಹಾಕಿ ಕಳಿಸಿದ್ದರು. ‘ಗಂಟು, ಬಯಾಪ್ಸಿ’ ಅಂತ ಎರಡೇ ಪದ ಬರೆದು ಕಳಿಸಿದ್ದರೆ ಉತ್ತರವೂ ಬಹುಶಃ ಎರಡೇ ಪದದಲ್ಲಿ ಬರುತ್ತಿತ್ತು.

ಈ ಗಂಟಿನ ಬಗ್ಗೆ ಮೊದಲು ಬರೆದದ್ದು 1921ರಲ್ಲಿ, ಜರ್ಮನಿಯ ಹಾಫ್‌ಮನ್ ಮತ್ತು ಜುರ್ಹೆಲೆ. ಅವರು ವಿವರಿಸಿದ್ದೂ ಕೂರುವ ಜಾಗದ ಗಂಟುಗಳನ್ನೇ, ಎಡಗಡೆಯವು. ನನ್ನದು ಬಲ. ಈ ಎರಿಕ್ ಹಾಫ್‌ಮನ್ ಸಾಮಾನ್ಯ ಮನುಷ್ಯನಲ್ಲ, 1905ರಲ್ಲಿ ಫ್ರಿಟ್ಸ್ ಶೌಡಿನ್ ಜೊತೆ ಸೇರಿ ಸಿಫಿಲಿಸ್ ರೋಗದ ಸುರುಳಿ ಕ್ರಿಮಿಯನ್ನು ಪತ್ತೆ ಮಾಡಿದವನು. ಅಂಥವನು ಯಾರದೋ ಎಡ ಕುಂಡೆಯನ್ನು (ನೋಡಿ, ಬರೆದೇಬಿಟ್ಟೆ) ಕೂತು ಗಮನಿಸಿ ಅದಕ್ಕೊಂದು ಹೆಸರಿಟ್ಟ ಅನ್ನುವುದು ನನಗೆ ಬಹಳ ಇಷ್ಟವಾಯಿತು. ಅವನಿಗೆ ನಾಚಿಕೆ ಆಗಿರಲಿಲ್ಲ, ಆ ರೋಗಿ ಕೂಡ ತೋರಿಸಿದ್ದ ಅಥವಾ ತೋರಿಸಿದ್ದಳು ತಾನೆ.

ಇದರಲ್ಲಿ ಎರಡು ಬಗೆ. ನನ್ನದು ಹಳೆಯ, ಆ ಇಬ್ಬರ ಹೆಸರಿನಲ್ಲೇ ಇರುವ ಬಗೆ: ಗುಂಪಾಗಿ, ಹೆಚ್ಚಾಗಿ ಸೊಂಟದ ಕೆಳಗೆ, ಕೂರುವ ಜಾಗ, ತೊಡೆಯ ಮೇಲ್ಭಾಗ, ಹುಟ್ಟುವಾಗಲೇ ಅಥವಾ ಇಪ್ಪತ್ತು ವರ್ಷದೊಳಗೆ ಕಾಣಿಸಿಕೊಳ್ಳುವುದು. ಇನ್ನೊಂದು ಬಗೆಯಲ್ಲಿ ಒಂದೇ ಗಂಟು, ಮೈಯಲ್ಲಿ ಎಲ್ಲಿ ಬೇಕಾದರೂ, ಸಾಮಾನ್ಯವಾಗಿ ದೊಡ್ಡವರಾದ ಮೇಲೆ. ಹೆಣ್ಣು ಗಂಡು ಅನ್ನುವ ಭೇದ ಇಲ್ಲ. ವಂಶದಲ್ಲಿ ಇಳಿದು ಬರುವಂಥದ್ದೂ ಅಲ್ಲ. ಇದನ್ನು ಕೇಳಿದಾಗ ಮಾತ್ರ ನಾನು ಡಾಕ್ಟರ ಮುಂದೆ ಅತ್ತೆ. ಅವರಿಗೆ ಯಾಕೆ ಅಂತ ಅರ್ಥ ಆಗಿರಲಿಕ್ಕಿಲ್ಲ, ಸ್ಕೇಲಿನ ಕತೆ ಅವರಿಗೆ ಹೇಳಿರಲಿಲ್ಲ.

ಯಾಕೆ ಬರುತ್ತದೆ ಅನ್ನುವುದಕ್ಕೆ ಪಕ್ಕಾ ಉತ್ತರ ಇನ್ನೂ ಸಿಕ್ಕಿಲ್ಲ. ರಕ್ತನಾಳದ ಸುತ್ತ ಇರುವ ಎಳೆಯ ಕೋಶಗಳು ಕೊಬ್ಬಾಗಿ ಮಾರ್ಪಡುತ್ತವೆ ಅನ್ನುವುದು ಒಂದು ವಾದ, ಭ್ರೂಣದಲ್ಲಿ ಬೆಳೆಯುವಾಗಲೇ ಕೊಬ್ಬು ಜಾಗ ತಪ್ಪಿ ಉಳಿಯಿತು ಅನ್ನುವುದು ಇನ್ನೊಂದು. ತಿಂದದ್ದರಿಂದ, ದಪ್ಪ ಇರುವುದರಿಂದ ಬರುವುದಲ್ಲ. ತೂಕ ಇಳಿಸಿ ಅಂದವರಿಗೆ ಈ ಸಾಲನ್ನು ಕಳಿಸಬೇಕು ಅಂತ ತುಂಬಾ ಸಲ ಅನ್ನಿಸಿದೆ.

ಈಗ ಚಿಕಿತ್ಸೆ. ಡಾಕ್ಟರ್ ಮೊದಲು ಹೇಳಿದ್ದು, ಏನೂ ಮಾಡದಿದ್ದರೂ ನಡೆಯುತ್ತದೆ ಅಂತ. ಕ್ಯಾನ್ಸರ್ ಆಗುತ್ತದೆ ಅನ್ನುವ ಹೆದರಿಕೆಯಿಂದ ತೆಗೆಸುವ ಅಗತ್ಯ ಇಲ್ಲ, ಬೇಡ ಅನ್ನಿಸಿದರೆ, ಬಟ್ಟೆಗೆ ಉಜ್ಜಿ ತೊಂದರೆ ಕೊಟ್ಟರೆ ತೆಗೆಸಿ. ನನಗೆ ತೊಂದರೆ ಇತ್ತು. ದಿನವಿಡೀ ಕೂತು ಮಾಡುವ ಕೆಲಸ. ಮಡಿಕೆಗಳ ಸಂದಿಯಲ್ಲಿ ಬೆವರು ನಿಂತು ವಾಸನೆ ಬರುತ್ತಿತ್ತು. ಹಿಂದಿನ ವರ್ಷ ತೊಟ್ಟಿದ್ದ ಒಂದು ಗಂಟು ತಿರುಚಿಕೊಂಡು ರಕ್ತ ಓಡಾಟ ನಿಂತು ಕಪ್ಪಾಗಿ, ಹುಣ್ಣಾಗಿ, ಎರಡು ವಾರ ಕುಂಟಿಸಿತ್ತು.

ದಾರಿಗಳು ನಾಲ್ಕು. ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ಉದುರಿಸುವುದು. ಕಾರ್ಬನ್ ಡೈಆಕ್ಸೈಡ್ ಲೇಸರ್‌ನಲ್ಲಿ ತೆಗೆಯುವುದು. ಕೊಬ್ಬು ಕರಗಿಸುವ ಡಿಆಕ್ಸಿಕೋಲೇಟ್ ಇಂಜೆಕ್ಷನ್ ಗಂಟಿನೊಳಗೆ ಕೊಡುವುದು, ಇದನ್ನು ಬಳಸಿ ನೋಡಿದವರು ಕಡಿಮೆ. ಕೊನೆಯದು ಚಾಕುವಿನಿಂದ ಕತ್ತರಿಸಿ ತೆಗೆಯುವುದು. ಚಿಕ್ಕದು ಒಂದೆರಡು ಇದ್ದರೆ ಮೊದಲಿನ ಎರಡು ಸಾಕಾಗಬಹುದು. ನನ್ನ ಹಾಗೆ ಗುಂಪಾಗಿ, ಬುಡ ಅಗಲವಾಗಿ ಕೂತಿದ್ದರೆ ಕತ್ತರಿಸುವುದೇ ಸರಿ ಅಂತ ನನಗೂ ಅನ್ನಿಸಿತು. ಸುಟ್ಟರೆ, ಹೆಪ್ಪುಗಟ್ಟಿಸಿದರೆ ಪರೀಕ್ಷೆಗೆ ಸರಿಯಾದ ಚೂರು ಉಳಿಯುವುದಿಲ್ಲ. ಬುಡದ ಕೊಬ್ಬು ಉಳಿದರೆ ಮತ್ತೆ ತಲೆ ಎತ್ತಬಹುದು. ಪೂರ್ತಿ ಕತ್ತರಿಸಿ ತೆಗೆದರೆ ಮತ್ತೆ ಬರುವುದು ಅಪರೂಪ.

ಆಪರೇಷನ್ ಎರಡು ಕಂತಿನಲ್ಲಿ ಅಂತ ನಿರ್ಧಾರ ಆಯಿತು, ಎಲ್ಲಾ ಒಂದೇ ಸಲ ತೆಗೆದರೆ ಚರ್ಮ ಎಳೆದು ಕೂಡಿಸಲು ಸಾಲುವುದಿಲ್ಲ. ಮೊದಲ ಕಂತಿನಲ್ಲಿ ನಡುವಿನ ದೊಡ್ಡ ಗುಂಪು. ಪೂರ್ತಿ ಮಂಪರು ಬೇಕಾಗಲಿಲ್ಲ, ಆ ಜಾಗಕ್ಕೆ ಮಾತ್ರ ಲಿಗ್ನೋಕೈನ್, ಜೊತೆಗೆ ರಕ್ತ ಜಾಸ್ತಿ ಹರಿಯದಿರಲಿ ಅಂತ ಅಡ್ರಿನಲಿನ್. ಸರ್ಜನ್ ಚರ್ಮದ ಮೇಲೆ ಪೆನ್ನಿನಲ್ಲಿ ದೋಣಿಯ ಆಕಾರ ಬರೆದರು. ಗಂಟು ದುಂಡಗಿದ್ದರೆ ದುಂಡಗೇ ತೆಗೆಯಬಹುದಲ್ವಾ, ಇಷ್ಟು ಉದ್ದ ಯಾಕೆ ಅಂದೆ. ದುಂಡಗೆ ಕತ್ತರಿಸಿ ಹೊಲಿದರೆ ಎರಡೂ ತುದಿಯಲ್ಲಿ ಚರ್ಮ ಉಬ್ಬಿ ನಿಲ್ಲುತ್ತದೆ, ಅಗಲದ ಸುಮಾರು ಮೂರು ಪಟ್ಟು ಉದ್ದ ಇದ್ದರೆ ಅಂಚುಗಳು ಸಮನಾಗಿ ಕೂಡಿಕೊಳ್ಳುತ್ತವೆ ಅಂದರು. ಬಟ್ಟೆ ಹೊಲಿಯುವವರಿಗೆ ಇದು ಹೇಳದೆಯೇ ಗೊತ್ತಿರುತ್ತದೆ ಅನ್ನಿಸುತ್ತೆ. ಒಳಗೆ ತಾನಾಗಿ ಕರಗುವ ದಾರ, ಹೊರಗೆ ನೈಲಾನ್. ಮುಕ್ಕಾಲು ಗಂಟೆ.

ಆಪರೇಷನ್ ಸುಲಭ. ಆಮೇಲಿನದ್ದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ. ಕೂರುವ ಜಾಗದಲ್ಲಿ ಹೊಲಿಗೆ ಇದ್ದರೆ ಮನುಷ್ಯ ದಿನಕ್ಕೆ ಎಷ್ಟು ಸಲ ಕೂರುತ್ತಾನೆ ಅನ್ನುವುದು ಗೊತ್ತಾಗುತ್ತದೆ. ಊಟ ನಿಂತು. ಕೆಲಸ, ಲ್ಯಾಪ್‌ಟಾಪನ್ನು ಕಪಾಟಿನ ಮೇಲಿಟ್ಟು ನಿಂತು. ನಿದ್ದೆ ಎಡಕ್ಕೆ ಮಗ್ಗುಲಾಗಿ ಅಥವಾ ಬೋರಲು. ಟಾಯ್ಲೆಟ್ ಬಗ್ಗೆ ಬರೆಯುವುದಿಲ್ಲ, ಕುಕ್ಕರುಗಾಲಲ್ಲಿ ಕೂರುವುದು ಬೇಡ ಅಂದಿದ್ದರು ಅನ್ನುವುದಷ್ಟು ಸಾಕು. ಆರನೇ ದಿನ ಕೆಳಗೆ ಬಿದ್ದ ಪೆನ್ಸಿಲ್ ಎತ್ತಲು ಮರೆತು ಬಗ್ಗಿಬಿಟ್ಟೆ, ‘ಪಟ್’ ಅಂತ ಒಂದು ಹೊಲಿಗೆ ಬಿಟ್ಟುಕೊಂಡಿತು. ರಕ್ತ ಸ್ವಲ್ಪವೇ, ಹೆದರಿಕೆ ಜಾಸ್ತಿ. ಅದನ್ನು ಮತ್ತೆ ಹೊಲಿಯದೆ ತಾನಾಗಿ ಮಾಗಲು ಬಿಟ್ಟರು, ಹಾಗಾಗಿ ಕಲೆ ಆ ಒಂದು ಕಡೆ ಅಗಲ. ಉಳಿದ ಹೊಲಿಗೆ 14ನೇ ದಿನ ತೆಗೆದರು. ಮುಖದ ಹೊಲಿಗೆಯನ್ನು ಸಾಮಾನ್ಯವಾಗಿ ಒಂದು ವಾರದೊಳಗೇ ತೆಗೆದುಬಿಡುತ್ತಾರೆ, ಇಲ್ಲಿ ಎಳೆತ ಜಾಸ್ತಿ, ಅದಕ್ಕೆ ಎರಡು ವಾರ. ತೆಗೆದ ಗುಂಪು ಪೂರ್ತಿ ಲ್ಯಾಬಿಗೆ ಹೋಯಿತು, ಅದೇ ಹೆಸರು ವಾಪಸ್ ಬಂತು.

ಇದನ್ನು ಓದಿ ನಿಮ್ಮ ಗಂಟಿಗೂ ಇದೇ ಹೆಸರು ಇಟ್ಟುಕೊಳ್ಳಬೇಡಿ ಅಂತ ಕೇಳಿಕೊಳ್ಳುತ್ತೇನೆ. ಇದು ಅಪರೂಪದ್ದು. ನಿಮ್ಮದು ಮಾಮೂಲಿ ಲೈಪೋಮಾನೋ ಸ್ಕಿನ್ ಟ್ಯಾಗೋ ಆಗಿರುವ ಸಾಧ್ಯತೆಯೇ ಜಾಸ್ತಿ. ಆದರೆ ಗಂಟು ಬೇಗ ಬೇಗ ಬೆಳೆಯುತ್ತಿದ್ದರೆ, ಗಟ್ಟಿಯಾಗಿದ್ದರೆ, 5 ಸೆಂಟಿಮೀಟರ್‌ಗಿಂತ ದೊಡ್ಡದಿದ್ದರೆ, ಆಳದಲ್ಲಿದ್ದರೆ, ಸುಮ್ಮಸುಮ್ಮನೆ ರಕ್ತ ಬರುತ್ತಿದ್ದರೆ ತಡಮಾಡದೆ ತೋರಿಸಿ. ಕೂದಲು ಕಟ್ಟಿ ಉದುರಿಸುತ್ತೇನೆ ಅನ್ನುವವರಿಂದ ದೂರ ಇರಿ. ಮತ್ತೆ ಯಾರೇ ಏನನ್ನೇ ತೆಗೆಯಲಿ, ಚಾಕು ಮುಟ್ಟುವ ಮೊದಲೇ ಕೇಳಿ: ಇದನ್ನು ಪರೀಕ್ಷೆಗೆ ಕಳಿಸುತ್ತೀರಾ? ಬಟ್ಟೆ ಬಿಚ್ಚಿ ಮಲಗಿದ ಮೇಲೆ ಆ ಪ್ರಶ್ನೆ ಬಾಯಿಗೆ ಬರುವುದಿಲ್ಲ, ನನ್ನನ್ನು ನೋಡಿ.

ಎರಡನೇ ಕಂತು ಇನ್ನೂ ಆಗಿಲ್ಲ. ತೊಡೆಯ ಕಡೆ ನಾಲ್ಕು ಚಿಕ್ಕವು ಉಳಿದಿವೆ, ಉಜ್ಜುವುದೂ ಇಲ್ಲ, ನೋಯುವುದೂ ಇಲ್ಲ. ಎರಡು ಸಲ ದಿನ ಗೊತ್ತು ಮಾಡಿ ನಾನೇ ಮುಂದಕ್ಕೆ ಹಾಕಿದ್ದೇನೆ. ಮತ್ತೆ ಎರಡು ವಾರ ನಿಂತು ಊಟ ಮಾಡುವವರು ಯಾರು. ಮೊನ್ನೆ ಬಟ್ಟೆ ಬದಲಿಸುವಾಗ ಮಗಳು ನೋಡಿ, “ಅಮ್ಮಾ, ಅದೇನು?” ಅಂದಳು. “ಕೊಬ್ಬು” ಅಂದೆ. “ಓ” ಅಂದು ತನ್ನ ಇನ್ನೊಂದು ಕಾಲುಚೀಲ ಎಲ್ಲಿ ಅಂತ ಕೇಳಿದಳು.